ಶಿವಗಂಗವ್ವನ ಕಿರುಬೆರಳು

ಹುಟ್ಟಲಿರುವ ಮಗುವಿನ ಮಿದುಳಿನಲ್ಲಿ ಒಂದೊಂದು ನರಕೋಶದ ಮೈಮೇಲೂ ಒಂದೇ ಒಂದು ರೋಮ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಪ್ರೈಮರಿ ಸಿಲಿಯಂ ಎಂದು ಹೆಸರು. ಧಾರವಾಡದ ನಮ್ಮ ಭ್ರೂಣ ಸಂಶೋಧನಾ ಕೇಂದ್ರದಲ್ಲಿ ಅಷ್ಟುದ್ದ ಹೇಳುವ ತಾಳ್ಮೆ ಯಾರಿಗೂ ಇಲ್ಲ, ರೋಮ ಎಂದುಬಿಡುತ್ತೇವೆ. ಅದು ಈಜುವುದಿಲ್ಲ, ಬೀಸುವುದಿಲ್ಲ. ಸುಮ್ಮನೆ ನಿಮಿರಿ ನಿಂತು ಸುತ್ತಲಿನ ರಾಸಾಯನಿಕ ಸುದ್ದಿಯನ್ನು ಹಿಡಿಯುತ್ತದೆ. ಮಿದುಳಿನ ಕೋಶಗಳು ಹುಟ್ಟುವ ಜಾಗ ಒಂದು, ಬಾಳುವ ಜಾಗ ಇನ್ನೊಂದು. ನಾಲ್ಕನೇ, ಐದನೇ ತಿಂಗಳಲ್ಲಿ ಅವು ಗುಂಪುಗುಂಪಾಗಿ ಹೊರಡುತ್ತವೆ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂದು ಅವಕ್ಕೆ ತಿಳಿಯುವುದು ಈ ರೋಮದಿಂದ. ರೋಮ ಮಲಗಿಬಿಟ್ಟರೆ ಕೋಶ ದಾರಿ ತಪ್ಪುತ್ತದೆ. ತುಂಬ ಕೋಶಗಳು ದಾರಿ ತಪ್ಪಿದರೆ ಮಗುವಿಗೆ ಕತ್ತು ನಿಲ್ಲುವುದಿಲ್ಲ, ಕೂರಲು ಬರುವುದಿಲ್ಲ, ಮಾತು ಬರುವುದಿಲ್ಲ.

ಈ ರೋಮಗಳನ್ನು ತಾಯಿಯ ಹೊಟ್ಟೆಯ ಹೊರಗಿನಿಂದಲೇ ನೋಡಲು ಸಾಧ್ಯವಾದರೆ? ಮಲಗಿದ್ದನ್ನು ಎಬ್ಬಿಸಲೂ ಸಾಧ್ಯವಾದರೆ? ಹಾಗೆಂದು ಯಾರೋ ಕೇಳಿಕೊಂಡು ಕಟ್ಟಿದ ಯಂತ್ರವನ್ನು ನಡೆಸುವುದು ನನ್ನ ಕೆಲಸ. ನಾನು ವಾರಿಜಾ, ಓದಿದ್ದು ಭೌತಶಾಸ್ತ್ರ, ಊರು ಮಂಡ್ಯದ ಕಡೆ. ಯಂತ್ರಕ್ಕೂ ಉದ್ದನೆಯ ಹೆಸರೊಂದಿದೆ. ಆದರೆ ಬೋರಲು ಹಾಕಿದ ಪಾತ್ರೆಯ ಹಾಗೆ ಕಾಣುತ್ತದೆಂದು ಯಂತ್ರ ಬಂದ ದಿನವೇ ಇಲ್ಲಿಯವರು ಅದಕ್ಕೆ ಡಬರಿ ಎಂದು ನಾಮಕರಣ ಮಾಡಿಬಿಟ್ಟರು.

ಡಬರಿ ಕಿವಿಗೆ ಕೇಳದ ಧ್ವನಿಯ ಅಲೆಗಳನ್ನು ಕಳಿಸುತ್ತದೆ. ಮೆಲ್ಲಗೆ ಕಳಿಸಿದರೆ ರೋಮಗಳು ತೆರೆಯ ಮೇಲೆ ಚುಕ್ಕೆಗಳಾಗಿ ಕಾಣುತ್ತವೆ: ನಿಂತದ್ದು ಬಿಳಿ, ಮಲಗಿದ್ದು ಬೂದು. ಜೋರಾಗಿ ಕಳಿಸಿದರೆ ಮಲಗಿದವು ನಡುಗಿ ಏಳುತ್ತವೆ. ಇದಕ್ಕೆ ತಟ್ಟುವುದು ಎನ್ನುತ್ತೇವೆ. ತಟ್ಟಲು ಹದಿನೆಂಟನೇ ವಾರದವರೆಗೆ ಮಾತ್ರ ಅವಕಾಶ, ಆಮೇಲೆ ಪ್ರಯೋಜನವಿಲ್ಲ. ಇನ್ನೊಂದು ಅಪಾಯವೂ ಇದೆ. ತಾನಾಗಿಯೇ ಏಳುತ್ತಿರುವ ರೋಮವನ್ನು ತಟ್ಟಿದರೆ ಅದು ಸೊಟ್ಟಗಾಗಿ ತಪ್ಪು ಸುದ್ದಿ ಹಿಡಿಯುತ್ತದೆ, ಸರಿಯಾಗಬಹುದಾಗಿದ್ದ ಮಿದುಳನ್ನು ನಾವೇ ಕೆಡಿಸಿದಂತಾಗುತ್ತದೆ. ಹಾಗಾಗಿ ಇದು ಏಳುವ ಪೈಕಿಯದಲ್ಲ ಎಂದು ಖಾತ್ರಿಯಾದ ಮೇಲೆಯೇ ತಟ್ಟಬೇಕು. ಆ ಖಾತ್ರಿ ಕೊಡುವವರು ನಮ್ಮ ಮುಖ್ಯಸ್ಥರಾದ ಡಾ. ಇನಾಮದಾರ.

ಕಸ್ತೂರಿ ಬಂದದ್ದು ಹದಿನೈದನೇ ವಾರದಲ್ಲಿ, ಮೊದಲ ಬಸಿರು. ಜೊತೆಗೆ ಗಂಡ ಗುರುನಾಥ ಮತ್ತು ಎಪ್ಪತ್ತು ದಾಟಿದ ಶಿವಗಂಗವ್ವ. ಈ ಶಿವಗಂಗವ್ವ ನಿಮಗೇನಾಗಬೇಕು ಎಂದು ಕೇಳಿದ ನರ್ಸ್ ಉತ್ತರ ಕೇಳಿ ಸ್ವಲ್ಪ ತಡವರಿಸಿದಳು. ಆಕೆ ಗುರುನಾಥನಿಗೆ ತಾಯಿ. ಕಸ್ತೂರಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಂಡ ಮದುವೆ. ಕಸ್ತೂರಿ ಈಗಲೂ ಗಂಡನನ್ನು ಮಾಮಾ ಎಂದೇ ಕರೆಯುತ್ತಾಳೆ, ಅತ್ತೆಯನ್ನು ಆಯಿ ಎಂದು. ನಮ್ಮ ಕಡೆಯೂ ಇದೇನು ಹೊಸದಲ್ಲ, ನನ್ನ ಅಜ್ಜಿ ತಾತನದೂ ಇದೇ ಕಥೆ. ಇಂಥ ಮದುವೆಯಲ್ಲಿ ಒಂದೇ ದೋಷ ತಾಯಿಯಿಂದಲೂ ತಂದೆಯಿಂದಲೂ ಬಂದು ಮಗುವಿನಲ್ಲಿ ಜೋಡಿಯಾಗುವ ಸಂಭವ ಜಾಸ್ತಿ, ಅದಕ್ಕೇ ಇವರಿಗೆಲ್ಲ ಡಬರಿ ಪರೀಕ್ಷೆ ಪುಕ್ಕಟೆ.

ಅವರನ್ನು ನಾನು ಮೊದಲೇ ಬಲ್ಲೆ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಮೊಸರು. ಧಾರವಾಡಕ್ಕೆ ಬಂದ ಹೊಸತರಲ್ಲಿ ನಾನು ಉಪವಾಸ ಸಾಯದೆ ಉಳಿದದ್ದು ಅವರಿಂದ. ಮುದ್ದೆ ನುಂಗುವ ಊರಿನವಳಿಗೆ ಅಗಿಯಲು ಕಲಿಸಿದ್ದು ತಾನೇ ಎಂದು ಶಿವಗಂಗವ್ವ ಗಿರಾಕಿಗಳ ಎದುರಿಗೇ ಹೇಳಿ ನಗುತ್ತಿದ್ದಳು.

ತೆರೆಯ ಮೇಲೆ ಕಸ್ತೂರಿಯ ಮಗುವಿನ ಮಿದುಳು ಮೂಡಿತು. ಬಿಳಿಗಿಂತ ಬೂದೇ ಹೆಚ್ಚು. ಎರಡು ಸಲ ನೋಡಿದೆ, ಯಂತ್ರವನ್ನು ಬೈದು ಮೂರನೇ ಸಲ ನೋಡಿದೆ. ತಾಯಿಯ ರಕ್ತದಲ್ಲಿ ಬೆರೆತಿರುವ ಮಗುವಿನ ಅಂಶದ ಪರೀಕ್ಷೆಯಲ್ಲೂ ಅದೇ ಬಂತು: ರೋಮಕ್ಕೆ ಸಂಬಂಧಪಟ್ಟ ಒಂದು ಜೀನಿನಲ್ಲಿ ದೋಷ, ಜೋಡಿ ದೋಷ.

ಇನಾಮದಾರರು ಮೂವರನ್ನೂ ಕೂರಿಸಿಕೊಂಡು ವಿವರಿಸಿದರು. ಕೆಟ್ಟ ಸುದ್ದಿ ಹೇಳುವುದರಲ್ಲಿ ಅವರಷ್ಟು ಒಳ್ಳೆಯವರನ್ನು ನಾನು ನೋಡಿಲ್ಲ. ಸುತ್ತಿ ಬಳಸುವುದಿಲ್ಲ, ಗಡಿಬಿಡಿಯನ್ನೂ ಮಾಡುವುದಿಲ್ಲ. ಇದೇ ಜೋಡಿ ದೋಷವಿರುವ ಇನ್ನೂರ ಹನ್ನೆರಡು ಮಕ್ಕಳನ್ನು ಅವರು ಇಪ್ಪತ್ತು ವರ್ಷದಿಂದ ನೋಡಿದ್ದಾರೆ. ಹತ್ತರಲ್ಲಿ ಒಂಬತ್ತು ಮಕ್ಕಳು ತಾವಾಗಿ ಎದ್ದು ಕೂತಿಲ್ಲ. ಆದ್ದರಿಂದ ತಟ್ಟುವುದೇ ಸರಿ ಎಂದರು. ತಟ್ಟಿದರೆ ಬಸಿರೇ ಇಳಿದುಹೋಗುವ ಭಯ ಚೂರು ಇದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು. ಮನೆತನದಲ್ಲಿ ಯಾರಿಗಾದರೂ ಹೆಚ್ಚಿನ ಬೆರಳು ಇತ್ತೇ? ತಡವಾಗಿ ನಡೆದವರು? ಕಣ್ಣಿಗಿಂತ ಮುಂಚೆ ತಲೆ ತಿರುಗಿಸುವವರು? ಎಳವೆಯಲ್ಲೇ ಹೋದ ಕೂಸುಗಳು?

ಗುರುನಾಥ ತಾಯಿಯ ಮುಖ ನೋಡಿದ.

“ನಮ್ಮ ಮನಿತನದಾಗ ಅಂಥಾದ್ದೇನೂ ಇಲ್ಲ್ರೀ,” ಎಂದಳು ಶಿವಗಂಗವ್ವ. “ಎಲ್ಲಾರೂ ಗಟ್ಟಿಮುಟ್ಟ್ ಅದಾರ.”

ಮನೆಗೆ ಹೋಗಿ ಯೋಚಿಸಿ ಹೇಳುತ್ತೇವೆ ಎಂದು ಹೋದವರು ಮತ್ತೆ ಫೋನೇ ಎತ್ತಲಿಲ್ಲ. ಹದಿನಾರನೇ ವಾರ ಮುಗಿಯುತ್ತ ಬಂತು. ಹೇಗೂ ಉಣ್ಣಲು ಹೋಗುತ್ತೀಯಲ್ಲ, ಮಾತಾಡಿಸಿಕೊಂಡು ಬಾ ಎಂದು ಇನಾಮದಾರರು ನನ್ನನ್ನೇ ಕಳಿಸಿದರು.

ನಾನು ಹೋದಾಗ ಊಟದ ಹೊತ್ತು ಮುಗಿಯುವುದರಲ್ಲಿತ್ತು. ಗುರುನಾಥ ಗಲ್ಲಾದ ಹತ್ತಿರ ಕಲ್ಲಿನಂತೆ ಕೂತಿದ್ದ. ಕಸ್ತೂರಿ ನನ್ನನ್ನು ಕಂಡು ತಾಟು ಇಟ್ಟು ಒಳಗೆ ಹೋದಳು. ಒಲೆಯ ಮುಂದೆ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಮುದ್ದೆಯನ್ನು ಮರದ ಹರಿವಾಣದಂಥ ಕೊಣಮಿಗೆಯ ಮೇಲಿಟ್ಟು ಅಂಗೈಯಿಂದ ಬಡಿಯುತ್ತ ತಿರುಗಿಸುವ ಆ ಕೈ ಯಾವತ್ತೂ ತಾಳ ತಪ್ಪಿದ್ದಿಲ್ಲ.

ಯಾರೋ ಚಟ್ನಿ ಕೇಳಿದರು. ಶಿವಗಂಗವ್ವ ತಲೆಯನ್ನು ಸರಕ್ಕನೆ ಆ ಕಡೆ ತಿರುಗಿಸಿದಳು, ಕಣ್ಣು ಆಮೇಲೆ ನಿಧಾನಕ್ಕೆ ಬಂದು ಆ ಗಿರಾಕಿಯ ಮೇಲೆ ಕೂತಿತು. ಈ ನೋಟವನ್ನು ನಾನು ನೂರು ಸಲ ನೋಡಿದ್ದೇನೆ. ಖಾನಾವಳಿಯ ಯಜಮಾನಿಯ ಗತ್ತು ಎಂದೇ ತಿಳಿದಿದ್ದೆ. ಆವತ್ತು ಮಾತ್ರ ಇನಾಮದಾರರು ಕೇಳಿದ್ದ ಪ್ರಶ್ನೆ ನೆನಪಾಯಿತು. ಕಣ್ಣಿಗಿಂತ ಮುಂಚೆ ತಲೆ.

ಕೈ ನೋಡಿದೆ. ಕಿರುಬೆರಳಿನ ಬುಡದಲ್ಲಿ, ಹೊರಗಡೆಗೆ, ಜೋಳದ ಕಾಳಿನಷ್ಟು ಒಂದು ಗಂಟು. ಅದರ ಸುತ್ತ ಹಸಿರು ಹಚ್ಚೆಯ ಹೂವು. ಇನ್ನೊಂದು ಕೈಯಲ್ಲೂ ಅಷ್ಟೇ, ಅದೇ ಜಾಗದಲ್ಲಿ ಅದೇ ಹೂವು. ಚಂದಕ್ಕೆ ಹಾಕಿಸಿಕೊಂಡ ಹಚ್ಚೆ ಎನ್ನುವವರು ಎನ್ನಲಿ, ಗಂಟು ಮರೆಮಾಡಲು ಹಾಕಿಸಿದ್ದು ಎಂದು ನನಗೆ ಅನ್ನಿಸಿತು.

ಗಿರಾಕಿಗಳು ಎದ್ದು ಹೋಗುವವರೆಗೆ ಕಾದು, ಒಲೆಯ ಹತ್ತಿರ ಹೋಗಿ ಕೂತು ಕೇಳಿದೆ.

“ಅಜ್ಜಿ, ನೀವು ಹುಟ್ಟಿದಾಗ ಈ ಕೈಗೆ ಎಷ್ಟು ಬೆರಳಿದ್ವು?”

ಬಡಿಯುವ ಕೈ ನಿಲ್ಲಲಿಲ್ಲ. ರೊಟ್ಟಿ ಮಾತ್ರ ನಡುವೆ ಹರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ನಾದಿದಳು. ಹಂಚಿನ ಮೇಲೆ ಇದ್ದದ್ದನ್ನು ಮಗುಚಿದಳು. ನಾನು ಎದ್ದು ಹೋಗಲಿ ಎಂದು ಕಾಯುತ್ತಿದ್ದಾಳೆ ಅನ್ನಿಸಿತು, ಆದರೆ ನಾನು ಏಳಲಿಲ್ಲ. ಒಳಬಾಗಿಲಲ್ಲಿ ಕಸ್ತೂರಿ ಬಂದು ನಿಂತಿದ್ದಳು.

“ಆರು,” ಎಂದಳು ಶಿವಗಂಗವ್ವ. “ಎರಡೂ ಕೈಗೆ ಆರಾರು.”

ಆಮೇಲೆ ಅವಳೇ ಹೇಳುತ್ತ ಹೋದಳು. ಅವಳ ತವರು ಬೆಣ್ಣೆಹಳ್ಳದ ದಂಡೆಯ ಊರು. ಅಲ್ಲಿ ಆರು ಬೆರಳಿನ ಕೂಸು ಹುಟ್ಟಿದರೆ ಯಾರೂ ಗದ್ದಲ ಮಾಡುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವುದರೊಳಗೆ ಮನೆಯ ಹಿರಿಯಳೊಬ್ಬಳು ಕರಿ ದಾರ ತಂದು ಆ ಬೆರಳಿನ ಬುಡಕ್ಕೆ ಬಿಗಿದು ಕಟ್ಟುತ್ತಿದ್ದಳು. ಬೆರಳು ಒಣಗಿ ತಾನೇ ಉದುರುತ್ತಿತ್ತು, ಅದನ್ನು ಹಿತ್ತಲಲ್ಲಿ ಹುಗಿದು ಮಾತು ಅಲ್ಲಿಗೇ ಮುಗಿಸುತ್ತಿದ್ದರು. ನಾಳೆ ಹೆಣ್ಣು ನೋಡಲು ಬಂದವರು ಕೈ ನೋಡುತ್ತಾರಲ್ಲ. ಗಂಡು ಮಕ್ಕಳಿಗೂ ಕಟ್ಟುತ್ತಿದ್ದರು, ಅವರ ಅಕ್ಕ ತಂಗಿಯರಿಗೆ ಸಂಬಂಧ ಬರಬೇಕಲ್ಲ. ಅವಳಿಗೂ ಕಟ್ಟಿದರು. ಅವಳು ನಾಲ್ಕನೇ ವರ್ಷಕ್ಕೆ ನಡೆದಳಂತೆ. ಮಾತು ಇನ್ನೂ ತಡ. ಬಂದ ಮೇಲೆ ಯಾರಿಂದಲೂ ನಿಲ್ಲಿಸಲಾಗಲಿಲ್ಲ ಎಂದು ತಾನೇ ಸ್ವಲ್ಪ ನಕ್ಕಳು.

ಅವಳಿಗೊಬ್ಬ ತಮ್ಮನಿದ್ದ, ಚಂದ್ರಾಮ. ಅವನಿಗೂ ಆರು ಬೆರಳು, ಅವನಿಗೂ ದಾರ. ಅವನು ಕತ್ತು ನಿಲ್ಲಿಸಲಿಲ್ಲ, ಎದೆ ಏದುತ್ತ ಏದುತ್ತ ಎರಡು ವರ್ಷ ತುಂಬುವ ಮೊದಲೇ ಹೋದ.

“ದವಾಖಾನಿಯೊಳಗ ಯಾಕ ಹೇಳಲಿಲ್ಲ ಆಯಿ?” ಎಂದು ಕಸ್ತೂರಿ ಕೇಳಿದಳು. ಸಿಟ್ಟಿನಲ್ಲಲ್ಲ, ಸುಮ್ಮನೆ.

“ಈ ಲಗ್ನ ಹಟಾ ಹಿಡದು ಮಾಡಿದಾಕಿ ನಾನವಾ. ನಿಮ್ಮವ್ವ ಒಲ್ಲೆ ಅಂದಿದ್ಲು. ನನ್ನ ರಕ್ತದಿಂದನ ಹಿಂಗ ಆತು ಅಂತ ಗೊತ್ತಾದ್ರ ಆಕಿ ಮುಂದ ಯಾವ ಮಾರಿ ಇಟ್ಕೊಂಡು ನಿಂದರ್ಲಿ?”

ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಕಸ್ತೂರಿ ಬಂದು ಪಕ್ಕದಲ್ಲಿ ಕೂತಳು. ಗಲ್ಲಾದ ಹತ್ತಿರ ಗುರುನಾಥ ಎದ್ದು ನಿಂತಿದ್ದ, ಎಲ್ಲವನ್ನೂ ಕೇಳಿದ್ದ. ಮರುದಿನ ಬೆಳಿಗ್ಗೆ ಖಾನಾವಳಿಗೆ ಬೀಗ ಹಾಕಿ, ರಕ್ತ ಕೊಡಿಸಲು ತಾನೇ ತಾಯಿಯನ್ನು ಕರೆತಂದ.

ಶಿವಗಂಗವ್ವನ ರಕ್ತದಲ್ಲಿ ಅದೇ ದೋಷ ಸಿಕ್ಕಿತು. ಒಂಟಿಯಲ್ಲ, ಜೋಡಿ, ಹೊಟ್ಟೆಯಲ್ಲಿದ್ದ ಮಗುವಿನದು ಎಂಥದೋ ಅಂಥದೇ. ಇನಾಮದಾರರ ಲೆಕ್ಕದ ಪ್ರಕಾರ ಎದ್ದು ಕೂರಬಾರದಾಗಿದ್ದ ಹೆಂಗಸು ಐವತ್ತು ವರ್ಷದಿಂದ ಊರಿಗೆ ಉಣ್ಣಲಿಕ್ಕಿದ್ದಾಳೆ.

ಇನಾಮದಾರರು ಕಾಗದವನ್ನು ಬಹಳ ಹೊತ್ತು ನೋಡಿದರು. “ಒಬ್ಬಾಕಿ ಅಜ್ಜಿ ಇನ್ನೂರಾ ಹನ್ನೆರಡು ಮಕ್ಕಳನ್ನ ಸುಳ್ಳು ಮಾಡೂದಿಲ್ಲ, ವಾರಿಜಾ.”

“ಸುಳ್ಳು ಅಂತ ನಾನು ಹೇಳ್ತಿಲ್ಲ ಸರ್. ಆದ್ರೆ ಆ ಮಕ್ಕಳು ನಮ್ಮ ಹತ್ರ ಯಾಕೆ ಬಂದ್ರು? ಕೂರಲ್ಲ, ಮಾತಾಡಲ್ಲ ಅಂತ ತಾನೇ? ಕೂತು, ಎದ್ದು, ಮದುವೆ ಆಗಿ ಮಕ್ಕಳು ಹೆತ್ತೋರು ಆಸ್ಪತ್ರೆಗೆ ಯಾಕೆ ಬರ್ತಾರೆ? ಗುರುತಿಗೆ ಇದ್ದಿದ್ದು ಒಂದು ಬೆರಳು. ಅದನ್ನೂ ಕಟ್ಟಿ ಉದುರಿಸಿಬಿಟ್ಟಿದ್ದಾರೆ.”

ನನಗೆ ಗೆದ್ದೆ ಎಂದೇನೂ ಅನ್ನಿಸಲಿಲ್ಲ, ಯಾಕೆಂದರೆ ಚಂದ್ರಾಮನೂ ಇದ್ದನಲ್ಲ. ಒಂದೇ ಮನೆಯಲ್ಲಿ, ಒಂದೇ ದೋಷದಲ್ಲಿ, ಅಕ್ಕ ಎದ್ದು ನಡೆದಳು, ತಮ್ಮ ಏಳಲಿಲ್ಲ. ಕಸ್ತೂರಿಯ ಮಗು ಯಾರ ಹಾಗೆ?

ಉಳಿದಿದ್ದ ಸಮಯದಲ್ಲಿ ಮಾಡಬಹುದಾದದ್ದು ಒಂದೇ. ಶಿವಗಂಗವ್ವನ ರಕ್ತದ ಕೋಶಗಳನ್ನು ಹಿಂದಕ್ಕೆ ನಡೆಸಿ, ಅವಳು ಹುಟ್ಟುವ ಮುಂಚೆ ಅವು ಹೇಗಿದ್ದವೋ ಆ ಸ್ಥಿತಿಗೆ ತಂದು, ಗಾಜಿನ ಬಟ್ಟಲಲ್ಲಿ ನರಕೋಶಗಳಾಗಿ ಬೆಳೆಸುವುದು. ಹಿಂದೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ವಾರದೊಳಗೆ ಆಗುತ್ತದೆ. ಎಪ್ಪತ್ತು ವರ್ಷದ ಕೆಳಗೆ ಅವಳ ತಾಯಿಯ ಹೊಟ್ಟೆಯಲ್ಲಿ ನಡೆದದ್ದು ನಮ್ಮ ಬಟ್ಟಲಿನಲ್ಲಿ ಇನ್ನೊಮ್ಮೆ ನಡೆಯಿತು. ಮೊದಲು ಎಲ್ಲ ಬೂದು. ಎಲ್ಲರ ರೋಮಗಳೂ ಎದ್ದು ನಿಲ್ಲಬೇಕಾದ ಹೊತ್ತಿನಲ್ಲಿ ಇವಳವು ಸುಮ್ಮನೆ ಬಿದ್ದುಕೊಂಡಿದ್ದವು. ಇನಾಮದಾರರು ಎರಡು ಸಲ ಬಂದು ನೋಡಿ ತಲೆಯಾಡಿಸಿ ಹೋದರು. ಮೂರನೇ ಸಲ ಬಂದಾಗ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಮೂಡಿತ್ತು. ಮರುದಿನ ಇನ್ನಷ್ಟು. ನಿಧಾನಕ್ಕೆ, ಸೋಮಾರಿಗಳ ಹಾಗೆ, ಆದರೆ ಎದ್ದವು. ರೋಮ ಎದ್ದ ಕೋಶಗಳು ತಡವಾಗಿ ಹೊರಟು, ಹೋಗಬೇಕಾದ ಜಾಗಕ್ಕೇ ಹೋದವು. ಎಲ್ಲವೂ ಅಲ್ಲ, ಸಾಕಷ್ಟು.

ಅಂದರೆ ಈ ದೋಷದಲ್ಲಿ ರೋಮ ಸತ್ತಿರುವುದಿಲ್ಲ, ಕೆಲವರಲ್ಲಿ ತಡವಾಗಿ ಏಳುತ್ತದೆ. ಕೆಲವರಲ್ಲಿ ಏಳುವುದೇ ಇಲ್ಲ. ಹದಿನೈದನೇ ವಾರದಲ್ಲಿ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ನಾವು ಈವರೆಗೆ ಆ ವಾರದಲ್ಲೇ ನೋಡಿ ತಟ್ಟುತ್ತ ಬಂದಿದ್ದೆವು.

ಇನಾಮದಾರರು ಮೂವರನ್ನೂ ಮತ್ತೆ ಕೂರಿಸಿಕೊಂಡು, ಹೋದ ಸಲ ತಾನು ಹೇಳಿದ ಹತ್ತರಲ್ಲಿ ಒಂಬತ್ತು ಎಂಬ ಮಾತನ್ನು ವಾಪಸ್ ತೆಗೆದುಕೊಂಡರು. ಈಗ ತಟ್ಟಬಹುದು, ಮಗು ಅಜ್ಜಿಯ ಹಾಗಿದ್ದರೆ ಕೆಡುತ್ತದೆ. ಹದಿನೆಂಟನೇ ವಾರದ ಕೊನೆಯವರೆಗೆ ಕಾಯಬಹುದು. ಮಗು ಚಂದ್ರಾಮನ ಹಾಗಿದ್ದರೆ ಆಗ ತಟ್ಟಿದರೂ ಫಲ ಕಡಿಮೆ. ಯಾವುದು ಸರಿ ಎಂದು ತನಗೆ ಗೊತ್ತಿಲ್ಲ ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಗುರುನಾಥನಿಗೆ ತಟ್ಟಿಸಿಬಿಡುವ ಮನಸ್ಸಿತ್ತು. ಏನಾದರೂ ಮಾಡಿದೆವು ಎಂಬ ಸಮಾಧಾನವಾದರೂ ಇರುತ್ತದೆ ಎಂದ. ಶಿವಗಂಗವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡು ತಲೆ ಬಗ್ಗಿಸಿ ಕೂತಿದ್ದಳು.

“ಆಯಿ ತಡಾ ಮಾಡಿ ನಡದಾಳ,” ಎಂದಳು ಕಸ್ತೂರಿ. “ಆದ್ರ ನಡದಾಳಲ್ಲ್ರೀ. ನಾ ಕಾಯ್ತೀನಿ.”

ಕಾಯುವುದು ಎಂದರೆ ಏನೆಂದು ಆ ದಿನಗಳಲ್ಲಿ ಅವರ ಮನೆ ಕಂಡಿತು. ನಾನು ಉಣ್ಣಲು ಹೋದಾಗಲೆಲ್ಲ ನೋಡುತ್ತಿದ್ದೆ. ಗುರುನಾಥ ಚಿಲ್ಲರೆ ಎಣಿಸಿ ಕೊಟ್ಟು ಮತ್ತೆ ವಾಪಸ್ ಇಸಿದುಕೊಂಡು ಎಣಿಸುತ್ತಿದ್ದ. ಕಸ್ತೂರಿಯ ತಾಯಿ ನರಗುಂದದಿಂದ ಬಂದಿಳಿದಿದ್ದಳು. ಅವಳಿಗೂ ಶಿವಗಂಗವ್ವನಿಗೂ ಏನು ಮಾತಾಯಿತೋ ನನಗೆ ತಿಳಿಯದು. ಒಂದು ದಿನ ನೋಡಿದರೆ ಇಬ್ಬರೂ ಒಂದೇ ಒಲೆಯ ಮುಂದೆ ಕೂತಿದ್ದರು, ಒಬ್ಬಳು ಬಡಿಯುತ್ತಿದ್ದಳು, ಇನ್ನೊಬ್ಬಳು ಬೇಯಿಸುತ್ತಿದ್ದಳು.

ಕೊನೆಯ ದಿನ ಕಸ್ತೂರಿ ಡಬರಿಯ ಕೆಳಗೆ ಮಲಗಿದಾಗ ನಾನು ಗುಂಡಿಗಳ ಮೇಲೆ ಬೆರಳಿಟ್ಟು ಕೂತೆ. ಪಕ್ಕದಲ್ಲಿ ಇನಾಮದಾರರು ತಟ್ಟಲು ಬೇಕಾದ ಎಲ್ಲ ಸಿದ್ಧತೆ ಮಾಡಿಕೊಂಡು ನಿಂತಿದ್ದರು. ತೆರೆ ಬೆಳಗಿತು. ಅರ್ಧಕ್ಕಿಂತ ಕಡಿಮೆ ಇದ್ದ ಬಿಳಿ ಅರ್ಧ ದಾಟಿತ್ತು. ನಮ್ಮ ನಿಯಮದ ಪ್ರಕಾರ ಅದು ಸಾಲದು. ಮುಕ್ಕಾಲು ಭಾಗ ಎದ್ದಿರದಿದ್ದರೆ ತಟ್ಟಬೇಕು. ಇನಾಮದಾರರು ನನ್ನನ್ನು ನೋಡಿದರು, ನಾನು ತೆರೆಯನ್ನು ನೋಡಿದೆ. ನೋಡುತ್ತಿದ್ದ ಹಾಗೆಯೇ ಮೂಲೆಯಲ್ಲೊಂದು ಬೂದು ಚುಕ್ಕೆ ನಿಧಾನವಾಗಿ ಬೆಳ್ಳಗಾಯಿತು.

ಅವರು ಯಂತ್ರದ ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡು, ಕಸ್ತೂರಿಗೆ ಎದ್ದು ಮನೆಗೆ ಹೋಗಲು ಹೇಳಿದರು.

ಹೆಣ್ಣು ಮಗು ಹುಟ್ಟಿತು. ಎರಡೂ ಕೈಗೆ ಆರಾರು ಬೆರಳು. ಮೊದಲ ವಾರ ಉಸಿರು ಒಮ್ಮೆ ಏದುತ್ತಿತ್ತು, ಒಮ್ಮೆ ನಿಂತೇ ಹೋಗುತ್ತಿತ್ತು. ನಮ್ಮ ಕೇಂದ್ರದಲ್ಲೇ ಇಟ್ಟುಕೊಂಡೆವು. ಆಮೇಲೆ ಸರಿಹೋಯಿತು. ತೊಟ್ಟಿಲ ಕಾರ್ಯಕ್ಕೆ ನನ್ನನ್ನೂ ಕರೆದಿದ್ದರು, ಇನಾಮದಾರರನ್ನೂ.

ಶಿವಗಂಗವ್ವನ ತವರಿನಿಂದ ಗೌರವ್ವ ಎಂಬ ಮುದುಕಿ ಬಂದಿದ್ದಳು, ವರಸೆಯಲ್ಲಿ ತಂಗಿ. ಕೂಸನ್ನು ಮಡಿಲಿಗೆ ಹಾಕಿಕೊಂಡು, ಕೈ ನೋಡಿ, ಸೊಂಟದ ಚೀಲದಿಂದ ಕರಿ ದಾರದ ಉಂಡೆ ತೆಗೆದಳು. ಅವಳಿಗೆ ಅದು ಕುಂಕುಮ ಹಚ್ಚುವಷ್ಟೇ ಸಹಜ. ಕೂತ ಹೆಂಗಸರೂ ಏನೂ ನೋಡದವರ ಹಾಗೆ ಹಾಡು ಮುಂದುವರಿಸಿದರು.

ಶಿವಗಂಗವ್ವ ಅವಳ ಕೈ ಹಿಡಿದಳು.

“ಬ್ಯಾಡ ಗೌರಿ. ಇರಲಿ ಬಿಡು. ಎಲ್ಲಾರೂ ನೋಡಲಿ.”

“ನಾಳೆ ಕನ್ಯಾ ನೋಡಾಕ ಬಂದವ್ರು?”

“ಅವ್ರೂ ನೋಡಲಿ.” ಹಾಗೆಂದು ಶಿವಗಂಗವ್ವ ತನ್ನ ಎರಡೂ ಕೈಗಳನ್ನು ಹಚ್ಚೆಯ ಹೂವು ಕಾಣುವ ಹಾಗೆ ಚಾಚಿ ತೊಡೆಯ ಮೇಲೆ ಇಟ್ಟುಕೊಂಡಳು.

ಹಾಡು ನಿಂತಿತು. ಗೌರವ್ವ ದಾರವನ್ನು ಮೆಲ್ಲಗೆ ಉಂಡೆಗೆ ಸುತ್ತಿ ಚೀಲದೊಳಗೆ ಇಟ್ಟಳು. ಆಮೇಲೆ ತನ್ನ ಎಡಗೈಯ ಬಳೆಗಳನ್ನು ಹಿಂದಕ್ಕೆ ಸರಿಸಿ ಕಿರುಬೆರಳಿನ ಬುಡವನ್ನು ನಮ್ಮ ಕಡೆ ಹಿಡಿದಳು. ಅಲ್ಲೊಂದು ಗಂಟು ಇತ್ತು. ಬಾಗಿಲ ಹತ್ತಿರ ಕೂತಿದ್ದ ಇನ್ನೊಬ್ಬ ಹೆಂಗಸು ತಲೆಯನ್ನು ಸರಕ್ಕನೆ ಇತ್ತ ತಿರುಗಿಸಿದಳು, ಕಣ್ಣು ಆಮೇಲೆ ಬಂತು. ಇನಾಮದಾರರು ಕೈಯಲ್ಲಿದ್ದ ಗುಗ್ಗರಿಯನ್ನು ತಿನ್ನುವುದನ್ನೇ ಮರೆತು ನೋಡುತ್ತಿದ್ದರು.

ಆಮೇಲಿನ ಒಂದು ವರ್ಷ ಬೆಣ್ಣೆಹಳ್ಳದ ದಂಡೆಯ ಊರುಗಳಿಂದ ಬಹಳ ಜನ ನಮ್ಮಲ್ಲಿಗೆ ಬಂದರು. ಬಹುಪಾಲು ಹೆಂಗಸರೇ. ಅವರಿಗೆ ಕಾಯಿಲೆ ಇರಲಿಲ್ಲ, ಕೈ ತೋರಿಸಲು ಬಂದವರು. ಎಲ್ಲರ ರಕ್ತದಲ್ಲೂ ಆ ದೋಷ ಸಿಕ್ಕಿತು ಎಂದಲ್ಲ, ಆದರೆ ಇನಾಮದಾರರ ಲೆಕ್ಕ ಪೂರ್ತಿ ತಿರುಗಿ ಬೀಳುವಷ್ಟು ಜನರಲ್ಲಿ ಸಿಕ್ಕಿತು. ಈಗ ಹದಿನೈದನೇ ವಾರದಲ್ಲಿ ನಾವು ಯಾರನ್ನೂ ತಟ್ಟುವುದಿಲ್ಲ. ಕಾಯುತ್ತೇವೆ, ಮತ್ತೆ ನೋಡುತ್ತೇವೆ, ಏಳದವರನ್ನು ಮಾತ್ರ ತಟ್ಟುತ್ತೇವೆ. ಮೊದಲು ತಟ್ಟಿಸಿಕೊಂಡವರಲ್ಲಿ ಎಷ್ಟು ಮಕ್ಕಳನ್ನು ನಾವೇ ಕೆಡಿಸಿದೆವು ಎಂಬುದು ಗೊತ್ತಾಗುವ ದಾರಿಯಿಲ್ಲ. ಇನಾಮದಾರರಿಗೆ ಇದನ್ನು ನೆನೆದು ನಿದ್ದೆ ಬರುವುದಿಲ್ಲವಂತೆ. ನನಗೂ ಕೆಲವು ಸಲ ಬರುವುದಿಲ್ಲ.

ಕಸ್ತೂರಿಯ ಮಗಳು ವರ್ಷವಾದರೂ ಕೂರಲಿಲ್ಲ. ಒಂದೂವರೆಗೆ ಕೂತಳು. ಎರಡಾಯಿತು, ಎರಡೂವರೆಯಾಯಿತು, ನಿಲ್ಲಲಿಲ್ಲ. ಗುರುನಾಥ ನನ್ನ ಕಣ್ಣು ತಪ್ಪಿಸುತ್ತಿದ್ದ. ನಾನು ಉಣ್ಣಲು ಹೋಗುವುದನ್ನೇ ಕಡಿಮೆ ಮಾಡಿದೆ. ಆ ಮಗು ನೆಲದ ಮೇಲೆ ಹರಿದಾಡುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ಮೂರು ತುಂಬಿದ ಮೇಲೆ ಒಂದು ಮಧ್ಯಾಹ್ನ ಹಸಿವು ತಡೆಯದೆ ಹೋದೆ. ಗಿರಾಕಿಗಳು ಇರಲಿಲ್ಲ. ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಳು, ಹುಡುಗಿ ಅವಳ ಪಕ್ಕದಲ್ಲಿ ಹಿಟ್ಟು ಮೆತ್ತಿಕೊಂಡು ಕೂತಿತ್ತು. ನಾನು ತಾಟಿನ ಮುಂದೆ ಕೂತ ಸದ್ದಿಗೆ ತಲೆಯನ್ನು ಸರಕ್ಕನೆ ತಿರುಗಿಸಿತು, ಕಣ್ಣು ನಿಧಾನವಾಗಿ ಬಂದು ನನ್ನ ಮೇಲೆ ನಿಂತಿತು. ಆಮೇಲೆ ಅಜ್ಜಿಯ ಹೆಗಲು ಹಿಡಿದು ಎದ್ದು, ಬುಟ್ಟಿಯಿಂದ ಒಂದು ರೊಟ್ಟಿಯನ್ನು ಆರೂ ಬೆರಳಿನಲ್ಲಿ ಹಿಡಿದುಕೊಂಡು, ಹೆಗಲು ಬಿಟ್ಟು, ವಾಲಾಡುತ್ತ ಬಂದು ನನ್ನ ತಾಟಿಗೆ ಹಾಕಿತು.

ನನಗೆ ಅಳು ಬಂತು, ಅತ್ತುಬಿಟ್ಟೆ. ಒಳಗಿನಿಂದ ಕಸ್ತೂರಿ ಓಡಿ ಬಂದವಳು ಬಾಗಿಲಲ್ಲೇ ಗೋಡೆ ಹಿಡಿದು ನಿಂತಳು.

ಶಿವಗಂಗವ್ವನ ಕೈ ತಾಳ ತಪ್ಪಲಿಲ್ಲ.

“ನಿನ್ನೆಯಿಂದ ನಡ್ಯಾಕತ್ತಾಳ,” ಎಂದಳು. “ರೊಟ್ಟಿ ಆರೂದ್ರೊಳಗ ಉಣ್ಣವಾ.”